ಗೌಡರ ಕಟ್ಟೆಯ ಸೂಜಿ

"ಏ ಮೋನಿ, ಕಟ್ಟಿ ಹತ್ತಿದ್ರ ಕಾಲ ಮುರೀತೀನಿ. ಮೊದಲ ನಮ್ಮ ಕೂಸುಗೋಳದು ಮುಗೀಲಿ."

ಸಂಗಣ್ಣಗೌಡ ಎಲೆಅಡಿಕೆ ಮೆಲ್ಲುತ್ತಲೇ ಹೇಳಿದ. ಮೋನಮ್ಮ ಎತ್ತಿದ ಕಾಲನ್ನು ಇಳಿಸಿದಳು. ಸೊಂಟದ ಮೇಲೆ ಹತ್ತು ತಿಂಗಳ ಕೂಸು ಪರಿಮಳಾ ತಾಯಿಯ ತಾಳಿ ಚೀಪುತ್ತಿತ್ತು. ಕೆಂಭಾವಿ ಕಡೆಯ ಆ ಊರಲ್ಲಿ ಮಕ್ಕಳಿಗೆ ಸೂಜಿ ಹಾಕುವುದು ಗೌಡರ ಕಟ್ಟೆಯ ಮೇಲೆಯೇ. ಅಲ್ಲಿ ಫ್ಯಾನಿದೆ, ಸಿಸ್ಟರಿಗೆ ಚಹಾ ಬರುತ್ತದೆ. ಕೇರಿಯ ತಾಯಂದಿರ ಪಾಲಿಗೆ ಕೆಳಗಿನ ಬಿಸಿಲು.

ಮೇಲಿನ ಮಕ್ಕಳದೆಲ್ಲ ಮುಗಿಯಿತು. ಆದರೆ ಗೌಡರ ಮೊಮ್ಮಗ ತೊಟ್ಟಿಲಲ್ಲಿ ಮಲಗಿದ್ದ. ಆ ಮಹಾರಾಜ ಏಳುವವರೆಗೆ ಊರೇ ಕಾದು ಕೂತಿತು. ಅವನ ಸರದಿ ಮುಗಿದ ಮೇಲೆ ಸಿಸ್ಟರ್ ಗಡಿಯಾರ ನೋಡಿದಳು.

"ದಡಾರದ ಔಷಧ ಕಲಸಿ ನಾಕ್ ತಾಸಾತವ್ವ. ಇನ್ನ ಹಾಕಂಗಿಲ್ಲ. ಬರೋ ತಿಂಗಳ ಬಾ."

"ಹೊಸಾ ಬಾಟ್ಲಿ ಒಡೀರಲ್ರಿ ಅಕ್ಕಾರ."

"ದಡಾರದ್ದು ಉಳದದ್ದು ನಿಂದೊಂದ. ಒಂದ ಕೂಸಿನ ಸಲುವಾಗಿ ಒಡದ್ರ ಮ್ಯಾಲಿನವರು ನನ್ನ ಬೈತಾರ."

ಮೋನಮ್ಮ ಬಾಯಿ ಮಾಡಬೇಕಿತ್ತು. ಮಾಡಲಿಲ್ಲ. ಹತ್ತಿ ಬಿಡಿಸಲು ಹೋಗಬೇಕಿದ್ದದ್ದು ಗೌಡರದೇ ಹೊಲಕ್ಕೆ.

ಬರುವ ತಿಂಗಳಿಗೆ ಮೊದಲೇ ಪರಿಮಳಾಗೆ ದಡಾರ ಬಂತು. ಅಮ್ಮ ಬಂದಿದ್ದಾಳೆಂದು ಕೇರಿಯವರು ಬಾಗಿಲಿಗೆ ಬೇವು ಕಟ್ಟಿದರು. ಮೋನಮ್ಮ ಬೇವಿಗೂ ಕೈಮುಗಿದಳು, ಶಹಾಪುರದ ಬಸ್ಸನ್ನೂ ಹತ್ತಿದಳು. ಏದುಸಿರು ಬಿಡುತ್ತಿದ್ದ ಕೂಸು ದಾರಿಯಲ್ಲೇ ತಣ್ಣಗಾಯಿತು. ಅತ್ತರೆ ಕೂಸು ಹೋದದ್ದು ತಿಳಿದು ಕಂಡಕ್ಟರ್ ಇಳಿಸಿಬಿಟ್ಟಾನೆಂದು ಅವಳು ಸೆರಗು ಹೊದಿಸಿ, ಹಾಲು ಕುಡಿಸುವವಳಂತೆ ಕೂತಳು.

ಮುಂದಿನ ಸೂಜಿಯ ದಿನ, ಕೂಸಿನ ಸಾವಿನ ವಿಚಾರಣೆಗೆಂದು ಆರೋಗ್ಯ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಅದೇ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕೆಳಗೆ ನಿಂತ ಮೋನಮ್ಮನನ್ನು ಕೇಳಿದರು.

"ಸೂಜಿ ಯಾಕಮ್ಮ ಹಾಕಿಸಲಿಲ್ಲ? ನಿಮ್ಮ ಜನಕ್ಕೆ ಬುದ್ಧಿ ಬರೋದು ಯಾವಾಗ?"

"ಇವಕ್ಕ ತಿಳುವಳಿಕಿ ಎಲ್ಲೈತ್ರಿ ಸಾಹೇಬ್ರ," ಗೌಡ ಚಹಾ ಮುಂದಿಟ್ಟ. "ಬೇವಿನ ತಪ್ಪಲ ಕಟ್ಕೊಂಡು ಕುಂದರ್ತಾವ, ಸೂಳೆಮಕ್ಕಳು."

ಸಿಸ್ಟರ್ ರಿಜಿಸ್ಟರಿನ ಪುಟ ತಿರುವಿದಳು.

ಪಕ್ಕದಲ್ಲಿ ನೆರೆಮನೆಯ ದೇವಕಮ್ಮ ತನ್ನ ಕೂಸನ್ನೆತ್ತಿಕೊಂಡು ನಿಂತಿದ್ದಳು. ಅದರ ಮೈಮೇಲೆ ಪರಿಮಳಾಳ ಅಂಗಿ, ಮೋನಮ್ಮನೇ ಕೊಟ್ಟದ್ದು. ಮೋನಮ್ಮ ಆ ಕೂಸನ್ನು ಎತ್ತಿಕೊಂಡು ಕಟ್ಟೆ ಹತ್ತಿದಳು.

"ಏ ರಂಡಿ, ಇಳಿ ಕೆಳಗ," ಗೌಡ ಎದ್ದು ನಿಂತ.

ಅವಳು ಸಿಸ್ಟರಿನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕೂಸಿನ ಅಂಗಿಯ ತೋಳು ಮಡಚಿದಳು.

"ಬಾಟ್ಲಿ ಒಡೀರಿ ಅಕ್ಕಾರ. ಮೊದಲ ಇದಕ್ಕ ಹಾಕ್ರಿ. ಆಮ್ಯಾಲ ಇಂವ ನನ್ನ ಕಾಲು ಮುರೀಲಿ."

ಹಸಿದ ಕೂಸು ಅವಳ ಎದೆ ತಡಕಿತು. ಇನ್ನೂ ಬತ್ತದ ಹಾಲು ಕುಪ್ಪಸ ತೋಯಿಸಿತು. ಸಿಸ್ಟರ್ ಬಾಟ್ಲಿ ಒಡೆದಳು.