ನದಿ ತುದಿಯ ಹೆಜ್ಜೆಗುಳಿಗಳು

ಪಂದ್ಯ ಮುಗಿದ ಮರುದಿನ ಬೆಳಗ್ಗೆ ಏಮಸ್ ಥರ್ಕೆಲ್ ಪಿಚ್ಚಿನ ನದಿ ಕಡೆಯ ತುದಿಯಲ್ಲಿ ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ಒಂದು ಬಕೆಟ್ ಕಲಸಿದ ಜೇಡಿಮಣ್ಣು, ಒಂದು ಕರಣೆ, ದಮ್ಮಸ್ಸು ಹೊಡೆಯುವ ಭಾರದ ಕಬ್ಬಿಣ. ಮೂವತ್ನಾಲ್ಕು ವರ್ಷಗಳಿಂದ ಆ ಕೌಂಟಿ ಕ್ರಿಕೆಟ್ ತಂಡದ ಮೈದಾನ ಅವನ ಸುಪರ್ದಿನಲ್ಲಿತ್ತು. ಬೌಲರುಗಳ ಕಾಲು ಬಿದ್ದೂ ಬಿದ್ದೂ ಕ್ರೀಸಿನ ಬಳಿ ಆಗುವ ಗುಳಿಗಳನ್ನು ಪಂದ್ಯದ ನಂತರ ತುಂಬಿ ಸಮ ಮಾಡುವ ಕೆಲಸವನ್ನು ಅವನು ಎಂದೂ ಇನ್ನೊಬ್ಬರ ಕೈಗೆ ಬಿಟ್ಟವನಲ್ಲ.

ಅವತ್ತು ಕಾಲು ಗಂಟೆ ಕಳೆದರೂ ಕರಣೆ ಮುಟ್ಟಿರಲಿಲ್ಲ.

ಗುಳಿಗಳು ರಾಬಿನ್ ಹ್ಯಾಸ್ವೆಲ್‌ನವು. ವಯಸ್ಸು ಮೂವತ್ತೇಳು. ನೆರೆಯ ಕೌಂಟಿಗೆ ಹದಿನಾಲ್ಕು ವರ್ಷ ಆಡಿದ ಆಲ್‌ರೌಂಡರ್. ಆಗಸ್ಟಿನಲ್ಲಿ ಅವರು ಅವನನ್ನು ಕೈಬಿಟ್ಟರು. ಈ ಕೌಂಟಿಯವರು ನೋಡೋಣವೆಂದು ಎರಡನೇ ತಂಡದ ಮೂರು ದಿನದ ಪಂದ್ಯಕ್ಕೆ ಕರೆದರು. ಐದು ವಿಕೆಟ್ ತೆಗೆದ, ಅರವತ್ತೆಂಟು ರನ್ ಹೊಡೆದ. ನಿನ್ನೆ ಸಂಜೆ ಅವನು ಪೆವಿಲಿಯನ್ನಿಗೆ ಮರಳುವಾಗ, ಇಡೀ ಬೇಸಿಗೆ ಯಾರಿಗೂ ಎದ್ದು ನಿಲ್ಲದಿದ್ದ ಹಳೆಯ ಸದಸ್ಯರು ಬೆಂಚುಗಳಿಂದ ಎದ್ದು ಚಪ್ಪಾಳೆ ತಟ್ಟಿದರು. ಇಲ್ಲಿನ ತಂಡ ಆ ವರ್ಷ ಅಂಕಪಟ್ಟಿಯ ತಳದಲ್ಲಿ ಮುಗಿಸಿತ್ತು. ಆರನೆಯವನಾಗಿ ಬ್ಯಾಟ್ ಮಾಡಿ, ದಿನಕ್ಕೆ ಇಪ್ಪತ್ತು ಓವರ್ ಹಾಕಿ, ಹುಡುಗರನ್ನು ಅಂಕೆಯಲ್ಲಿಡಬಲ್ಲ ಒಬ್ಬನಿಗಾಗಿ ಎರಡು ವರ್ಷದಿಂದ ಹುಡುಕುತ್ತಿದ್ದರು. ಹ್ಯಾಸ್ವೆಲ್‌ನನ್ನು ಎರಡು ವರ್ಷಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಮಧ್ಯಾಹ್ನ ಹನ್ನೆರಡಕ್ಕೆ ಸಮಿತಿ ತೀರ್ಮಾನಿಸುವುದಿತ್ತು.

ಸ್ಕೋರು ಪುಸ್ತಕ ಬೇಕು ಎನ್ನುತ್ತಿತ್ತು. ನೆಲ ಬೇರೆ ಹೇಳುತ್ತಿತ್ತು.

ಈ ತುದಿಯಿಂದ ಬೌಲ್ ಮಾಡಿದ ಉಳಿದವರೆಲ್ಲ ಎಡಗೈಯವರು, ಇಲ್ಲವೇ ಸ್ಪಿನ್ನರುಗಳು. ಹಾಗಾಗಿ ಗುರುತು ಕಲಸಿಹೋಗಿರಲಿಲ್ಲ. ಮೊದಲ ದಿನ ಹ್ಯಾಸ್ವೆಲ್‌ನ ಎಡಪಾದ ಪ್ರತಿ ಸಲವೂ ಒಂದೇ ಕಡೆ ಬಿದ್ದಿತ್ತು. ಬಟ್ಟಲಿನಂಥ ಗುಳಿ, ಅಂಚು ಚೊಕ್ಕ. ಮೂರನೆಯ ದಿನದ ಗುರುತುಗಳು ಅದಕ್ಕಿಂತ ಒಂದು ಗೇಣು ಹಿಂದೆ ಚೆಲ್ಲಾಪಿಲ್ಲಿಯಾಗಿದ್ದವು. ಹೆಬ್ಬೆರಳು ಹೊರಕ್ಕೆ ತಿರುಗಿತ್ತು. ಹಿಂದಿನ ಪಾದ ಎಳೆದ ಗೀರು ಮೊದಲ ದಿನದ್ದರ ಎರಡರಷ್ಟು ಉದ್ದವಿತ್ತು. ಎಡ ಮೊಣಕಾಲಿನ ಮೇಲೆ ಭಾರ ಬಿಡಲು ಹೆದರುವವನು ಮಾತ್ರ ಹೀಗೆ ಕಾಲಿಡುತ್ತಾನೆ.

ಏಮಸ್ ಇಂಥದ್ದನ್ನು ಹಿಂದೊಮ್ಮೆ ನೋಡಿದ್ದ. ಹನ್ನೊಂದು ವರ್ಷದ ಕೆಳಗೆ, ಇದೇ ತಂಡದ ಟೋಬಿ ರೂಕ್‌ನ ಹೆಜ್ಜೆಗಳಲ್ಲಿ. ಅವನಿಗೆ ಬೆನ್ನುನೋವು. ಏಮಸ್ ಇಡೀ ಬೇಸಿಗೆ ಆ ಗುಳಿಗಳನ್ನು ನೀಟಾಗಿ ಮುಚ್ಚುತ್ತಾ ಹೋದ. ಆಗಸ್ಟಿನಲ್ಲಿ ರೂಕ್ ಓಡಿ ಬಂದವನು ಕ್ರೀಸಿನಲ್ಲೇ ಕುಸಿದ. ಮೂರು ಶಸ್ತ್ರಚಿಕಿತ್ಸೆ. ತಂಡದ ನಿರ್ದೇಶಕಿ ಜುಡಿತ್ ಮಾರ್ಲೋ ಅವತ್ತು ಶೆಡ್ಡಿಗೆ ಬಂದು, "ನಿಮಗೇನೂ ಕಾಣಲಿಲ್ವಾ?" ಎಂದಳು. ಕಂಡಿತ್ತು ಎಂದ. "ಮತ್ಯಾಕೆ ಹೇಳಲಿಲ್ಲ?" "ಯಾರೂ ಕೇಳಲಿಲ್ಲ." ಅಂದಿನಿಂದ ಪ್ರತಿ ಪಂದ್ಯದ ಮರುದಿನ ಅವಳು ತಪ್ಪದೆ ಬಂದು ಕೇಳುತ್ತಿದ್ದಳು.

ಹುಲ್ಲಿನ ಮೇಲೆ ಯಾರೋ ಬರುವ ಸದ್ದಾಯಿತು. ತಲೆ ಎತ್ತಿದ. ಹ್ಯಾಸ್ವೆಲ್ ಕೋಟಿನ ಜೇಬಿಗೆ ಕೈ ಇಳಿಸಿ ನಿಂತಿದ್ದ.

"ಬೇಗ ಬಂದ್ಬಿಟ್ಯಲ್ಲಪ್ಪ. ಮೀಟಿಂಗ್ ಇರೋದು ಹನ್ನೆರಡಕ್ಕೆ."

"ನಿದ್ದೆ ಬರಲಿಲ್ಲ. ನನ್ನ ಗುಂಡಿ ಕಾಯ್ತಾ ಕೂತಿದ್ದೀರಾ?"

"ಚೆನ್ನಾಗಿ ತೋಡಿದ್ದೀಯ. ಆಲೂಗಡ್ಡೆ ನೆಡಬಹುದು."

ಹ್ಯಾಸ್ವೆಲ್ ನಕ್ಕ. ನಗು ಬಹಳ ಹೊತ್ತು ನಿಲ್ಲಲಿಲ್ಲ. "ಆ ಕಡೆ ಕೌಂಟೀಲಿ ನಿಮ್ಮ ಬಗ್ಗೆ ಹೇಳ್ತಿದ್ರು. ಥರ್ಕೆಲ್‌ಗೆ ಎಕ್ಸ್‌ರೇ ಬೇಡ, ಬೂಟಿನ ಗುರುತು ಸಾಕು ಅಂತ. ತಮಾಷೆ ಅಂದ್ಕೊಂಡಿದ್ದೆ."

"ಮೊಣಕಾಲು ಯಾವಾಗಿಂದ?"

ಹ್ಯಾಸ್ವೆಲ್ ನದಿಯ ಕಡೆ ನೋಡಿದ. "ಜೂನ್."

"ನಮ್ಮ ಡಾಕ್ಟ್ರು ನೋಡಿದ್ರಲ್ಲ?"

"ಪಂದ್ಯಕ್ಕೆ ಮುಂಚೆ ನೋಡಿದ್ರು. ಹತ್ತು ದಿನ ಸುಮ್ನೆ ಕೂತು ಬಂದಿದ್ದೆ. ಊತ ಇಳಿದಿತ್ತು."

ಏಮಸ್ ಮೂರನೆಯ ದಿನದ ಗೀರಿನ ಮೇಲೆ ಬೆರಳಾಡಿಸಿದ.

"ನನ್ನ ಹೆಂಡತಿ ಇಸೊಬೆಲ್ ತೀರಿಹೋಗಿದ್ದು ಮಾರ್ಚಲ್ಲಿ. ಗೊತ್ತಿರಬೇಕು ನಿಮಗೆ."

"ಪೇಪರಲ್ಲಿ ನೋಡ್ದೆ. ಚಿಕ್ಕ ವಯಸ್ಸು."

"ಮೂವತ್ನಾಲ್ಕು. ಏಪ್ರಿಲ್‌ಗೆಲ್ಲ ನಾನು ಆಡೋಕೆ ಶುರು ಮಾಡ್ದೆ. ಎಂಥ ಧೈರ್ಯ ಅಂದ್ರು ಜನ. ಧೈರ್ಯ ಅಲ್ಲ ಏಮಸ್, ಬೆಳಗ್ಗೆ ಒಂಬತ್ತಕ್ಕೆ ಹೋಗೋಕೆ ಒಂದು ಜಾಗ ಬೇಕಿತ್ತು. ಡ್ರೆಸ್ಸಿಂಗ್ ರೂಮಲ್ಲಿ ಯಾರೂ ಏನೂ ಕೇಳಲ್ಲ. ನನ್ನ ಸಾಕ್ಸ್ ಯಾರು ಕದ್ರು ಅಂತಾರೆ, ಅಷ್ಟೇ." ಅವನು ಷೂ ತುದಿಯಿಂದ ಒಂದು ಮಣ್ಣಿನ ಹೆಂಟೆಯನ್ನು ಸರಿಸಿದ. "ಮನೇಲಿ ದಿನಾ ಎರಡು ಮಗ್ಗು ತೊಳೀತೀನಿ. ಒಂದರಲ್ಲಿ ಯಾರೂ ಕುಡಿದಿರಲ್ಲ."

ನದಿಯಾಚೆ ಚರ್ಚಿನ ಗಡಿಯಾರ ಒಂಬತ್ತು ಹೊಡೆಯಿತು.

"ಜುಡಿತ್ ಬರೋಕೆ ಮುಂಚೆ ಮುಚ್ಚಿಬಿಡಿ. ನಿಮ್ಮ ಕೆಲಸಾನೇ ಅಲ್ವಾ ಅದು? ಅದಕ್ಕಿಂತ ಹೆಚ್ಚೇನೂ ಕೇಳ್ತಿಲ್ಲ ನಾನು."

ಏಮಸ್ ಕರಣೆ ತೆಗೆದುಕೊಂಡ. ಮೂರರ ಹೊತ್ತಿಗೆ ಮಳೆ ಎಂದು ರೇಡಿಯೋ ಹೇಳಿತ್ತು. ಕಲಸಿಟ್ಟ ಮಣ್ಣು ಯಾರಿಗೂ ಕಾಯುವುದಿಲ್ಲ. ಗುಳಿಯ ಪುಡಿಯನ್ನು ಗುಡಿಸಿದ. ತಳವನ್ನು ಕೆರೆದು ನೀರು ಚಿಮುಕಿಸಿದ. ಎರಡು ಬೆರಳು ದಪ್ಪ ಮಣ್ಣು ಹಾಕಿ ಬಡಿದ, ಮತ್ತೆ ಹಾಕಿದ, ಮತ್ತೆ ಬಡಿದ. ಬಟ್ಟಲಿನಂಥ ಗುಳಿ ಹೋಯಿತು. ತಿರುಗಿದ ಹೆಬ್ಬೆರಳುಗಳು ಹೋದವು. ಉದ್ದನೆಯ ಗೀರೂ ಹೋಯಿತು. ಹ್ಯಾಸ್ವೆಲ್ ಕೊನೆಯವರೆಗೂ ನಿಂತು ನೋಡಿದ. ಆಮೇಲೆ ಏಮಸ್‌ನ ಹೆಗಲನ್ನೊಮ್ಮೆ ಒತ್ತಿ, ಪೆವಿಲಿಯನ್ನಿನ ಕಡೆ ಹೋದ.

ಹನ್ನೊಂದೂವರೆಗೆ ಜುಡಿತ್ ಎರಡು ಲೋಟ ಚಹಾ ಹಿಡಿದು ಬಂದಳು.

"ಆಗಲೇ ಮುಚ್ಚಾಯ್ತಾ? ಯಾವತ್ತೂ ನನಗೆ ಕಾಯ್ತಿದ್ರಿ."

"ಮಳೆ ಬರತ್ತಂತೆ."

"ಸರಿ. ಹೇಗಿತ್ತು?"

ಸಮವಾದ ನೆಲ ಕಾಲಡಿಯಲ್ಲಿ ಇನ್ನೂ ಹಸಿಯಾಗಿತ್ತು. ಚೆನ್ನಾಗಿತ್ತು ಎಂದರೆ ಅಲ್ಲಿಗೆ ಮುಗಿಯಿತು. ಏಮಸ್‌ಗೆ ಆ ಎರಡು ಮಗ್ಗು ನೆನಪಾದವು. ಕಳೆದ ಭಾನುವಾರ ಗೇಟಿನ ಬಳಿ ಟೋಬಿ ರೂಕ್ ಸಿಕ್ಕಿದ್ದ. ಮಗಳು ಎತ್ತಿಕೋ ಎಂದು ಕೈ ಚಾಚಿದಾಗ ಅವನು ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಅಲ್ನೋಡು ಬಾತುಕೋಳಿ ಎಂದಿದ್ದ.

"ಎಡ ಮೊಣಕಾಲು," ಎಂದ ಏಮಸ್. "ಮೊದಲನೇ ದಿನ ಸರಿ ಇತ್ತು. ಮೂರನೇ ದಿನ ಕಾಲು ಹಿಂದೆ ಬೀಳ್ತಿದೆ, ಪಾದ ತಿರುಗಿದೆ. ಬರೋ ಮೇ ತಿಂಗಳ ತನಕ ಬೌಲ್ ಮಾಡ್ತಾನೆ. ಆಮೇಲೆ ನಡೆಯೋದೇ ಕಷ್ಟ."

ಜುಡಿತ್ ಕಣ್ಣು ಮುಚ್ಚಿ ತೆರೆದಳು. "ಬರೀ ಬ್ಯಾಟಿಂಗ್‌ಗೆ ನನಗೆ ಬೇಡ. ಬ್ಯಾಟ್ ಮಾಡೋರು ಏಳು ಜನ ಇದ್ದಾರೆ. ಅಯ್ಯೋ ಏಮಸ್, ಮೂರು ದಿನದಲ್ಲಿ ಹುಡುಗರು ಅವನನ್ನ ಎಷ್ಟು ಹಚ್ಚಿಕೊಂಡಿದ್ರು ಗೊತ್ತಾ? ಖಂಡಿತಾನಾ ಇದು?"

"ರೂಕ್ ವಿಷಯದಲ್ಲಿ ಇದ್ದಷ್ಟೇ ಖಂಡಿತ."

ಅವಳು ತನ್ನ ಚಹಾವನ್ನು ರೋಲರಿನ ಮೇಲೆ ಇಟ್ಟವಳು ಅಲ್ಲೇ ಮರೆತು ಹೋದಳು.

ಸಮಿತಿ ಬೇಡವೆಂದ ಮೇಲೆ, ಒಂದು ಗಂಟೆಗೆ ಹ್ಯಾಸ್ವೆಲ್ ಶೆಡ್ಡಿನ ಬಾಗಿಲಿಗೆ ಬಂದ. ಹೆಗಲ ಮೇಲೆ ಆಟದ ಚೀಲವಿತ್ತು.

"ಮುಚ್ಚಿದ್ರಲ್ಲ ನೀವು! ನಾನೇ ನಿಂತು ನೋಡಿದ್ನಲ್ಲ!"

"ಗುಂಡಿ ಮುಚ್ಚೋದು ನನ್ನ ಕೆಲಸ. ಅವಳು ಕೇಳಿದ್ಲು, ಹೇಳ್ದೆ."

"ಸುಮ್ನಿರಬಹುದಿತ್ತು."

"ಒಂದು ಸಲ ಸುಮ್ನಿದ್ದೆ."

"ನಿಮ್ದೇನ್ರೀ ಹೋಗತ್ತೆ? ಇಪ್ಪತ್ತು ಓವರ್ ಆಗಲಿಲ್ಲಾಂದ್ರೆ ಹತ್ತು ಹಾಕ್ತಿದ್ದೆ. ನನ್ನ ಕಾಲು, ನನ್ನ ನೋವು. ಹುಲ್ಲಿನ ಜೊತೆ ಬದುಕಿ ಬದುಕಿ ನಿಮಗೆ ಮನುಷ್ಯರ ಜೊತೆ ಮಾತಾಡೋದೇ ಮರೆತುಹೋಗಿದೆ, ಮುದುಕ."

"ಇರಬಹುದು," ಎಂದ ಏಮಸ್.

ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ರೇಡಿಯೋ ಹೇಳಿದ್ದಕ್ಕಿಂತ ಎರಡು ಗಂಟೆ ಮೊದಲೇ ಬಂದಿತ್ತು.

"ಆಚೆ ಪೆವಿಲಿಯನ್ ಕಡೆ ತುದೀಲಿರೋ ಗುಂಡಿ ಹಾಗೇ ಇದೆ," ಎಂದ ಏಮಸ್. "ಟಾರ್ಪಾಲ್ ಹೊದಿಸ್ತೀನಿ ಈಗ. ನಾಳೆ ಒಂಬತ್ತಕ್ಕೆ ತುಂಬ್ತೀನಿ."

"ಅದನ್ನ ಯಾಕೆ ನನಗೆ ಹೇಳ್ತಿದ್ದೀರಿ?"

"ಹೇಳ್ದೆ, ಅಷ್ಟೇ."

ಹ್ಯಾಸ್ವೆಲ್ ಹೊರಟ. ಕಾರು ನಿಲ್ಲಿಸುವ ಜಾಗಕ್ಕೆ ಇಳಿಯಲು ಎಂಟು ಮೆಟ್ಟಿಲು. ಬೆಳಗ್ಗೆ ಅವನ್ನು ಸರಾಗವಾಗಿ ಹತ್ತಿ ಬಂದಿದ್ದವನು ಈಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿದ. ಇನ್ನು ಬಚ್ಚಿಡುವ ಅಗತ್ಯವಿರಲಿಲ್ಲ.

ಮರುದಿನ ಮಳೆ ನಿಂತಿತ್ತು. ಏಮಸ್ ಟಾರ್ಪಾಲ್ ಸರಿಸಿ ಮಣ್ಣು ಕಲಸಿದ. ಒಂಬತ್ತು ಹೊಡೆಯಿತು. ಶೆಡ್ಡಿಗೆ ಹೋಗಿ ಚಹಾ ಮಾಡಿ, ಎರಡು ಮಗ್ಗಿಗೆ ಬಗ್ಗಿಸಿ, ಎರಡನ್ನೂ ಹೊರಗೆ ತಂದು ರೋಲರಿನ ಮೇಲಿಟ್ಟ. ಒಂಬತ್ತೂಕಾಲಾಯಿತು. ತನ್ನ ಚಹಾ ಕುಡಿದ. ಇನ್ನೊಂದರ ಮೇಲೆ ಕೆನೆ ಕಟ್ಟಿತು. ಮಂಡಿಯೂರಿ ಕೆಲಸಕ್ಕೆ ತೊಡಗಿದ.

ಮೊದಲ ಗುಳಿ ಅರ್ಧ ತುಂಬಿರುವಾಗ ಎದುರಿನ ಹುಲ್ಲಿನ ಮೇಲೆ ಒಂದು ಜೊತೆ ಸಾಧಾರಣ ಚರ್ಮದ ಷೂ ಬಂದು ನಿಂತವು. ಹ್ಯಾಸ್ವೆಲ್ ಮುಖ ಕ್ಷೌರ ಮಾಡಿರಲಿಲ್ಲ. ರೋಲರಿನ ಮೇಲಿದ್ದ ಮಗ್ಗನ್ನು ನೋಡಿ, ತೆಗೆದುಕೊಂಡು, ಆರಿಹೋದ ಚಹಾವನ್ನು ನಿಂತಲ್ಲೇ ಕುಡಿದ. ಆಮೇಲೆ ಗುಳಿಯ ಪಕ್ಕ ಕೂರಲು ಬಗ್ಗಿದ.

"ಆ ಮೊಣಕಾಲು ಊರಬೇಡ," ಎಂದ ಏಮಸ್. ಪಕ್ಕದಲ್ಲಿದ್ದ ಇನ್ನೊಂದು ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅವನ ಕಡೆ ತಳ್ಳಿದ.

ಹ್ಯಾಸ್ವೆಲ್ ಅದರ ಮೇಲೆ ಕೂತು ಎಡಗಾಲನ್ನು ನೀಳವಾಗಿ ಚಾಚಿದ. ಏಮಸ್ ಕೊಟ್ಟ ದಮ್ಮಸ್ಸಿನ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದು ಮಣ್ಣನ್ನು ಬಡಿಯತೊಡಗಿದ.

"ಮೆತ್ತಗೆ," ಎಂದ ಏಮಸ್. "ಇನ್ನೂ ಎರಡು ಪದರ ಇದೆ."