ಬುಟ್ಟಿಯಲ್ಲಿ ತಿಳಿಗೆಂಪು ನೀರು

ಮೂರನೆಯ ಕೋಳಿ ಸತ್ತ ದಿನ ಸತ್ಯವ್ವನ ಅನುಮಾನ ಗಟ್ಟಿಯಾಯಿತು. ಇದು ರೋಗವಲ್ಲ, ಯಾರೋ ಬೇಕೆಂದೇ ಮಾಡುತ್ತಿರುವುದು.

ಗೋವಾದ ಚಿಂಬಲ್‌ನ ಇಳಿಜಾರಿನ ಖೋಲಿಯೊಂದರಲ್ಲಿ ಅವಳೂ ಗಂಡ ಪರಮಣ್ಣನೂ ಇದ್ದರು. ಇಬ್ಬರಿಗೂ ಕಟ್ಟಡದ ಕೆಲಸ. ಹಿತ್ತಲಲ್ಲಿ ಎಂಟು ಜವಾರಿ ಕೋಳಿ ಸಾಕಿದ್ದಳು. ಬೆಳಿಗ್ಗೆ ಹೊರಡುವ ಮುನ್ನ ಒಂದು ಹಿಡಿ ನುಚ್ಚು ಚೆಲ್ಲಿ, ಗಾರೆ ಹೊರುವ ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಉಳಿದ ನೀರಿನ ಮೇಲೆಯೇ ಇನ್ನೊಂದು ಚೊಂಬು ಸುರಿದು ಹೋಗುತ್ತಿದ್ದಳು.

ಅದು 2006ರ ಬೇಸಿಗೆ. ಟಿ.ವಿ.ಯಲ್ಲಿ ಹಕ್ಕಿಜ್ವರದ್ದೇ ಸುದ್ದಿ. ಕೋಳಿ ಸತ್ತ ಮಾತು ಹೊರಬಿದ್ದರೆ ಓಣಿಯವರು ಉಳಿದವನ್ನೂ ಕೊಲ್ಲಿಸುತ್ತಾರೆಂದು ಹೆದರಿ, ಮೂರನ್ನೂ ಸದ್ದಿಲ್ಲದೆ ಗೇರುಮರದ ಬುಡದಲ್ಲಿ ಹೂತಿದ್ದಳು.

ಅನುಮಾನ ಪಕ್ಕದ ಖೋಲಿಯ ದೇವಿಬಾಯಿಯ ಮೇಲೆ. ಬೆಳಿಗ್ಗೆ ಬೇರೆಯವರ ಮನೆಗೆಲಸ ಮುಗಿಸಿ ಓಣಿಗೆ ಬೇಗ ಮರಳುವವಳು ಅವಳೊಬ್ಬಳೇ. ಸತ್ಯವ್ವನ ಕೋಳಿಗಳು ತನ್ನ ಕೊತ್ತಂಬರಿ ಮಡಿ ಕೆದರಿದವೆಂದು ಜಗಳವಾಡಿದ್ದಳು. ಅಂದಿನಿಂದ ಮಾತಿಲ್ಲ.

ಆ ಸಂಜೆ ನೋಡಿದರೆ ಬುಟ್ಟಿಯ ನೀರು ತಿಳಿಗೆಂಪಾಗಿತ್ತು.

"ಇಲ್ಲಿ ನೋಡ್ರಿ. ಆಕಿ ಏನೋ ಹಾಕ್ಯಾಳ."

"ಬುಟ್ಟಿ ತುಕ್ಕ ಹಿಡದೈತಿ, ಅದರ ಬಣ್ಣ ಇರಬೇಕ ಬಿಡ," ಎಂದ ಪರಮಣ್ಣ.

"ತುಕ್ಕ ಹಿಂಗಿರತೈತೇನ್ರಿ? ನಾಳೆ ನಾ ಕೆಲಸಕ್ಕ ಬರೂದಿಲ್ಲ."

ಮರುದಿನ ಪರಮಣ್ಣ ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಸತ್ಯವ್ವ ಹಿಂಬಾಗಿಲ ತಗಡಿನ ಸಂದಿಗೆ ಕಣ್ಣಿಟ್ಟು ಕುಳಿತಳು. ಹತ್ತೂವರೆಯ ಹೊತ್ತಿಗೆ ದೇವಿಬಾಯಿ ಬಂದಳು. ಆಚೀಚೆ ನೋಡಿ, ಬುಟ್ಟಿಯ ನೀರು ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ತುಂಬಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಸಣ್ಣ ಪೊಟ್ಟಣ ತೆಗೆದಳು. ಅದರಿಂದ ಎರಡೇ ಹರಳು ಬಿದ್ದವು. ನೀರು ಬಣ್ಣ ತಿರುಗಿತು.

ಸತ್ಯವ್ವ ಬಾಗಿಲು ದೂಡಿ ಅವಳ ಕೈ ಹಿಡಿದಳು. "ಸಿಕ್ಕಿ ನೋಡು! ಎಂಥಾ ವಿಷಾ ಇದು?"

"ವಿಷಾ ಅಲ್ಲಕ್ಕಾ! ದನದ ದವಾಖಾನ್ಯಾಗ ಕೊಟ್ಟದ್ದು."

"ಹಂಗಾರ ನಡಿ ಅಲ್ಲಿಗೇ. ಅವರ ಹೇಳಲಿ."

ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು, ಇನ್ನೊಂದು ಕೈಯಲ್ಲಿ ದೇವಿಬಾಯಿಯ ಸೆರಗು ಹಿಡಿದೇ ಸತ್ಯವ್ವ ನಡೆದಳು. ಓಡಿ ಹೋದರೆ?

ದವಾಖಾನೆಯ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇದು ನೀರಿನ ಕ್ರಿಮಿ ಸಾಯಿಸುವ ಔಷಧಿ, ತಾವೇ ಕೊಟ್ಟದ್ದು ಎಂದರು. ಹೋದ ವಾರ ಈಕೆ ತನ್ನದೊಂದು ಸತ್ತ ಕೋಳಿ ತಂದಿದ್ದಳು. ಕೊಯ್ದು ನೋಡಿದ್ದರು. ಹಕ್ಕಿಜ್ವರವಲ್ಲ, ಹೊಲಸು ನೀರಿನಿಂದ ಬಂದ ಕರುಳಿನ ಬೇನೆ.

"ನೀವು ನೀರು ಎಲ್ಲಿ ಇಡುತ್ತೀರಿ?" ಎಂದು ಅವರು ಹಿಂದಿಯಲ್ಲಿ ಕೇಳಿದರು.

"ಕೋಳಿ ಕೂಡೋ ಗಳದ ಕೆಳಗ್..." ಎನ್ನುತ್ತಲೇ ಸತ್ಯವ್ವನ ಮಾತು ನಿಂತಿತು. ರಾತ್ರಿಯೆಲ್ಲ ಹಿಕ್ಕೆ ಬೀಳುತ್ತಿದ್ದದ್ದು ಆ ನೀರಿನೊಳಗೇ. ಬುಟ್ಟಿಯ ತಳದ ಲೋಳೆಯನ್ನು ಅವಳು ಒಮ್ಮೆಯೂ ತಿಕ್ಕಿರಲಿಲ್ಲ.

ಬರುವಾಗ ಸೆರಗು ಬಿಟ್ಟಿದ್ದಳು. "ನಿನ್ನವೂ ಸತ್ತಿದ್ದುವಾ?"

"ಎರಡು. ಎಷ್ಟ ಬೆದರಿಸಿದ್ರೂ ನಿನ್ನ ಬುಟ್ಟಿಗೇ ಬರತಾವ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ನನ್ನ ನೋಡಿ ಬಾಗಲಾ ಹಾಕ್ಕೊಂಡಿ."

ಸತ್ಯವ್ವನಿಗೆ ಆ ದಿನ ನೆನಪಿತ್ತು.

ಅಂದೇ ಬುಟ್ಟಿಯನ್ನು ಗಳದಿಂದ ದೂರ ಸರಿಸಿ, ಇಟ್ಟಿಗೆಯ ಮೇಲೆ ಇಟ್ಟಳು. ದಿನವೂ ತಿಕ್ಕಿ ತೊಳೆದು ಹೊಸ ನೀರು ತುಂಬತೊಡಗಿದಳು. ಡಾಕ್ಟರು ಕೊಟ್ಟ ಔಷಧಿಗೂ ಬೇನೆ ಬಗ್ಗದೆ ಇನ್ನೊಂದು ಕೋಳಿ ಸತ್ತಿತು. ಉಳಿದವು ಚೇತರಿಸಿಕೊಂಡವು. ಹಗಲಿಗೊಮ್ಮೆ ನೀರು ಬದಲಿಸಲು ದೇವಿಬಾಯಿಗೆ ತಾನೇ ಹೇಳಿದಳು. ಹೇಳಿದ ಮೇಲೂ ಕೆಲಸದ ನಡುವೆ ಹಳೆಯ ಅನುಮಾನ ಒಮ್ಮೊಮ್ಮೆ ಇಣುಕುತ್ತಿತ್ತು. ಸಂಜೆ ಬಂದವಳೇ ಕೈಕಾಲು ತೊಳೆಯುವುದಕ್ಕೂ ಮೊದಲು ಹಿತ್ತಲಿಗೆ ಹೋಗಿ ಎಣಿಸುತ್ತಿದ್ದಳು. ನಾಲ್ಕೂ ಇರುತ್ತಿದ್ದವು.