ವಿಮಾನಕ್ಕೆ ಹಾರ ಬೇಕು

ದಸರಾ ರಜೆ ಮುಗಿದು ಹುಲ್ಲಹಳ್ಳಿಯ ಶಿಶುವಿಹಾರ ಮತ್ತೆ ಶುರುವಾಗಿ ಇನ್ನೂ ವಾರ ತುಂಬಿರಲಿಲ್ಲ. ಬೆಳಿಗ್ಗೆ ಚಂಪಕಾ ಮಿಸ್ ಬಾಗಿಲ ಬೀಗ ತೆಗೆದು ತಿರುಗಿದರೆ, ಮಕ್ಕಳ ಕೈಯಲ್ಲೆಲ್ಲ ಹೂವು. ಕೆಲವರ ಹತ್ತಿರ ಚೆಂಡುಹೂವು, ಕೆಲವರ ಹತ್ತಿರ ಕನಕಾಂಬರ. ರಾಹುಲನಂತೂ ತನ್ನ ಮಾವನ ಎಸ್.ಟಿ.ಡಿ. ಬೂತಿನ ಫೋನಿಗೆ ಹಾಕಿದ್ದ ಒಣಗಿದ ಹಾರವನ್ನೇ ಬಿಚ್ಚಿಕೊಂಡು ಬಂದಿದ್ದ.

"ಏನ್ರೋ ಇದು, ಯಾರ ಮದುವೆ?"

"ನೀವೇ ಏಳಿದ್ರಲ್ಲ ಮಿಸ್, ಎಲ್ಲಾರ್ ವಿಮಾನಕ್ಕೂ ಆರ ಬೇಕು ಅಂತ," ಎಂದ ರಾಹುಲ.

ಚಂಪಕಾ ನೆನಪು ಮಾಡಿಕೊಂಡರು. ನಿನ್ನೆ ಮಕ್ಕಳನ್ನು ಮನೆಗೆ ಕಳಿಸುವಾಗ ಅವರು ಹೇಳಿದ್ದು, "ನಾಳೆ ಎಲ್ಲರ ವಿಮಾನವೂ ಹಾರಬೇಕು" ಎಂದು. ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಆಯುಧಪೂಜೆಯಲ್ಲಿ ಎಲ್ಲಕ್ಕೂ ಹೂವೇರಿಸಿದ್ದನ್ನು ಈಗಷ್ಟೇ ನೋಡಿದ್ದ ಮಕ್ಕಳಿಗೆ ಅದು ಬೇರೆ ಥರ ಕೇಳಿಸಿತ್ತು. ಚಂಪಕಾರಿಗೆ ನಗು ಬಂತು. ಹೂವು ಹಿಡಿದು ನಿಂತ ಮುಖಗಳನ್ನು ನೋಡಿ ಅದನ್ನು ನುಂಗಿಕೊಂಡರು.

ವಿಮಾನಗಳು ಹಿಂದಿನ ದಿನವೇ ತಯಾರಾಗಿದ್ದವು. ಹಳೇ ಕ್ಯಾಲೆಂಡರಿನ ಹಾಳೆ ಮಡಿಸಿ, ಆಯಾ ಮಲ್ಲಾಜಮ್ಮ ಕೊಟ್ಟ ಅನ್ನದ ಅಗುಳಿನಿಂದ ಚಾಕಲೇಟಿನ ಮಿಂಚುಕಾಗದ ಅಂಟಿಸಿದ್ದರು. ಪವಿತ್ರಳ ವಿಮಾನಕ್ಕೆ ಬೊಟ್ಟು, ರಾಹುಲನದಕ್ಕೆ ಕಪ್ಪು ಕಾಗದದ ಮೀಸೆ. ಕವನಳದು ಮಾತ್ರ ಥೇಟ್ ಸರ್ಕಾರಿ ಬಸ್ಸು. ಕೆಂಪು ಬಣ್ಣ, ಸಾಲು ಕಿಟಕಿ, ಬಾಗಿಲಲ್ಲಿ ಸೀಟಿ ಕಚ್ಚಿ ನಿಂತ ಒಬ್ಬ ಮನುಷ್ಯ.

ಆ ಮನುಷ್ಯ ಅವಳ ಅಪ್ಪ ನಾಗೇಂದ್ರ, ನರಸೀಪುರದ ಬಸ್ಸಿನ ಕಂಡಕ್ಟರ್. ಅವಳು ಏಳುವ ಮೊದಲೇ ಡ್ಯೂಟಿಗೆ ಹೋಗಿ, ಮಲಗಿದ ಮೇಲೆ ಬರುವವನು. ಮಧ್ಯಾಹ್ನ ಅವನ ಬಸ್ಸು ಶಿಶುವಿಹಾರದ ಮುಂದೆಯೇ ಹಾದುಹೋಗುತ್ತಿತ್ತು. ಕವನ ದಿನಾ ಕಾಂಪೌಂಡಿನ ಹತ್ತಿರ ನಿಂತು ಕೈ ಬೀಸುವಳು. ಟಿಕೆಟ್ ಹರಿಯುವ ಗಡಿಬಿಡಿಯಲ್ಲಿ ಅವನು ಕತ್ತೆತ್ತುತ್ತಲೇ ಇರಲಿಲ್ಲ. ವಿಮಾನ ಬಸ್ಸಿನೊಳಗೆ ಹೋಗಬೇಕು, ಅಪ್ಪ ಒಂದು ಸಲ ಇತ್ತ ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ. "ಆಗಲಿ ಪುಟ್ಟಿ" ಎಂದುಬಿಟ್ಟಿದ್ದ ಚಂಪಕಾರಿಗೆ ಈಗ ಅವಳಿಗಿಂತ ಹೆಚ್ಚು ಆತಂಕ.

ಆತಂಕಕ್ಕೆ ಕಾರಣವೂ ಇತ್ತು. ಹಾರ ಹಾಕಿಸಿಕೊಂಡ ವಿಮಾನಗಳು ಒಂದೂ ಹಾರಲಿಲ್ಲ. ಕವನ ಬಾಲಕ್ಕೆ ಕಟ್ಟಿದ್ದ ಚೆಂಡುಹೂವಿನ ದಂಡೆಯ ಭಾರಕ್ಕೆ ಅವಳ ವಿಮಾನ ಮೂಗು ಮೇಲೆತ್ತಿ, ಹಿಂದಕ್ಕೇ ಕುಸಿದು ಬಿತ್ತು.

"ನಿನ್ ವಿಮಾನ ರಿವರ್ಸ್ ಓಯ್ತದೆ ಕಣಮ್ಮಿ," ಎಂದ ರಾಹುಲ.

"ಹೂವು ತೆಗೆದುಬಿಡೋಣ್ವಾ?" ಎಂದು ಚಂಪಕಾ ಕೇಳಿದರು.

"ಊಂಹೂಂ. ಆರ ಇಲ್ದೆ ಗಾಡಿ ಓಡ್ಸಬಾರ್ದು," ಎಂದು ಕವನ ವಿಮಾನವನ್ನು ಎದೆಗವುಚಿಕೊಂಡಳು.

ಚಂಪಕಾ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. "ಅಪ್ಪನ ಬಸ್ಸಿಗೆ ಹಾರ ಎಲ್ಲಿ ಹಾಕಿದ್ರು?"

"ಮುಂದ್ಗಡೆ."

"ಮತ್ತೆ ನೀನು ಹಿಂದೆ ಹಾಕಿದ್ದೀಯಲ್ಲ?"

ಕವನ ಯೋಚಿಸಿದಳು. ಆಮೇಲೆ ತಾನೇ ದಾರ ಬಿಚ್ಚಿ, ಎಲ್ಲಕ್ಕಿಂತ ಸಣ್ಣ ಹೂವನ್ನು ಆರಿಸಿ ವಿಮಾನದ ಮೂಗಿಗೆ ಕಟ್ಟಿಸಿಕೊಂಡಳು. ಮಿಕ್ಕ ಹೂವು ಮಲ್ಲಾಜಮ್ಮನ ತುರುಬಿಗೆ ಹೋಯಿತು. ಈ ಸಲ ವಿಮಾನ ಜಗಲಿಯಿಂದ ಹೊರಟು ತಗ್ಗಾಗಿ, ನೇರವಾಗಿ ಸಾಗಿ ಗೇಟಿನ ಹತ್ತಿರ ಇಳಿಯಿತು. ಉಳಿದ ಮಕ್ಕಳೂ ಹೂವುಗಳನ್ನೆಲ್ಲ ಮುಂದಕ್ಕೆ ತಂದುಕೊಂಡರು.

ಮಧ್ಯಾಹ್ನ ದೂರದಲ್ಲಿ ಹಾರ್ನ್ ಕೇಳಿಸಿತು. ಚಂಪಕಾ ಕವನಳನ್ನು ಎತ್ತಿ ಮೋಟು ಕಾಂಪೌಂಡಿನ ಮೇಲೆ ನಿಲ್ಲಿಸಿ ಸೊಂಟ ಹಿಡಿದುಕೊಂಡರು. ಎದುರಿಗೇ ರಸ್ತೆಯ ಹಂಪ್ಸು. ಬಸ್ಸು ನಿಧಾನವಾಯಿತು. ರಾಹುಲನ ಮೀಸೆ ವಿಮಾನ ಸೀದಾ ಚರಂಡಿಗೆ ಬಿತ್ತು. ಕವನ ಕೈ ಎತ್ತಿ ಹಾಗೇ ನಿಂತಿದ್ದಳು. ಮುಂದಿನ ಕಿಟಕಿಗಳು ದಾಟಿದವು, ಮಧ್ಯದವೂ ದಾಟಿದವು.

"ಬುಡವ್ವಾ," ಎಂದಳು ಮಲ್ಲಾಜಮ್ಮ.

ಬಿಟ್ಟಳು. ವಿಮಾನ ಕಟ್ಟಕಡೆಯ ಕಿಟಕಿಯೊಳಗೆ ನುಗ್ಗಿ ಒಬ್ಬ ಅಜ್ಜಿಯ ಮಡಿಲಿಗೆ ಬಿತ್ತು. ನಾಗೇಂದ್ರ ಮುಂಬಾಗಿಲ ಹತ್ತಿರ, ಇತ್ತ ಬೆನ್ನು ಹಾಕಿ ಚಿಲ್ಲರೆ ಹುಡುಕುತ್ತಿದ್ದ.

"ಅಜ್ಜೀ, ಅದ ಕಂಡಕ್ಟ್ರಿಗೆ ಕೊಡಿ," ಎಂದು ಮಲ್ಲಾಜಮ್ಮ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅಜ್ಜಿ ವಿಮಾನವನ್ನು ಮುಂದಿನ ಸೀಟಿಗೆ ಕೊಟ್ಟಳು. ಅಲ್ಲಿಂದ ಒಬ್ಬ ಹುಡುಗಿ, ಅವಳಿಂದ ತೊಡೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡಿದ್ದ ಒಬ್ಬ ಗಂಡಸು. ಯಾರೂ ಅದನ್ನು ಮುದುರಲಿಲ್ಲ, ರೆಕ್ಕೆ ಹಿಡಿದು ಎಳೆಯಲಿಲ್ಲ. ತಲೆಗಳ ಮೇಲೆ ಕೈಯಿಂದ ಕೈಗೆ ಕೆಂಪು ವಿಮಾನ ಮುಂದೆ ಮುಂದೆ ಹೋಗುವುದು ಕಿಟಕಿಗಳಲ್ಲಿ ಕಾಣುತ್ತಿತ್ತು. ದಿನಾ ಹಂಪ್ಸನ್ನು ಎಗರಿಯೇ ದಾಟುವ ಡ್ರೈವರ್ ಮಂಟೇಸ್ವಾಮಿ ಈವತ್ತು ಮಡಿಲಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡವನ ಹಾಗೆ ಬಸ್ಸನ್ನು ತೆವಳಿಸುತ್ತಿದ್ದುದನ್ನು ಚಂಪಕಾ ಗಮನಿಸಿದರು.

ಆದರೂ ಬಸ್ಸು ಮುಂದೆ ಹೋಯಿತು. ಕವನಳ ಸೊಂಟ ಚಂಪಕಾರ ಕೈಯಲ್ಲಿ ಬಿಗಿಯಾಯಿತು.

ಆಗ ಉದ್ದಕ್ಕೆ ಒಂದು ಸೀಟಿ. ಬಸ್ಸು ನಿಂತಿತು. ಬಾಗಿಲಿಂದ ವಿಮಾನ ಹಿಡಿದ ಕೈ ಹೊರಬಂತು, ಹಿಂದೆಯೇ ನಾಗೇಂದ್ರನ ಮೀಸೆಯ ಮುಖ.

"ಯಾವ ಪೈಲಟ್ಟಮ್ಮ ಇದ ಬುಟ್ಟಿದ್ದು? ನನ್ ಮೀಸೆ ಎಲ್ಲಿ?"

"ಕಪ್ಪು ಕಾಗ್ದ ಎಲ್ಲಾ ರಾಹುಲ ಮುಗುಸ್ಬುಟ್ಟ," ಎಂದಳು ಕವನ. ದನಿಯಲ್ಲಿ ನಗುವಿತ್ತು. "ಅಪ್ಪಾ, ಊವು ಬಾಡೋದ್ರೆ ಬೇರೆ ಕಟ್ಟು."

"ಆಗ್ಲಿ ಕಣವ್ವ."

"ಲೇ ನಾಗೇಂದ್ರ, ರೈಟ್ ಕೊಡ್ಲಾ. ಆರ ಬಿತ್ತು, ಇನ್ನು ಆರ್ಬೇಕು," ಎಂದು ಒಳಗಿನಿಂದ ಮಂಟೇಸ್ವಾಮಿ ಕೂಗಿದ. ನಾಗೇಂದ್ರ ಮಗಳನ್ನು ನೋಡುತ್ತಲೇ ಎರಡು ಸೀಟಿ ಊದಿದ.

ಮಾರನೆಯ ದಿನ ವಿಮಾನ ಬಸ್ಸಿನ ಮುಂಗಾಜಿನ ಒಳಗೆ, ಆಯುಧಪೂಜೆಯ ಒಣಹಾರದ ಪಕ್ಕದಲ್ಲಿ ಕೂತಿತ್ತು. ಮೂಗಿನಲ್ಲಿ ಹೊಸ ಹೂವು. ಅಂದಿನಿಂದ ಹಂಪ್ಸು ಬಂದಾಗ ಒಂದು ಚಿಕ್ಕ ಸೀಟಿ ಕೇಳಿಸುತ್ತಿತ್ತು. ನಿಲ್ಲಿಸಲಿಕ್ಕೂ ಅಲ್ಲ, ಹೊರಡಲಿಕ್ಕೂ ಅಲ್ಲ. ಇದ್ಯಾವ ಸ್ಟಾಪು ಎಂದು ಹೊಸಬರು ಯಾರಾದರೂ ಕೇಳಿದರೆ, ಮಂಟೇಸ್ವಾಮಿ, "ಏರೋಪ್ಲೇನ್ ಸ್ಟಾಪು, ನೀವ್ ಕೂತ್ಕಳಿ," ಎನ್ನುವನು.